ಹಳೆಯ ಕಾರಿನ ವೀಲ್ ನಟ್ಟು: ಬಿಗಿ ಎಂದರೆ ಎಷ್ಟು ಬಿಗಿ?

ಮಂಡ್ಯದ ಕಡೆ ಕಬ್ಬು ಹೇರುವ ಎತ್ತಿನ ಬಂಡಿಯಲ್ಲಿ ಚಕ್ರ ಕಳಚಿಕೊಳ್ಳದ ಹಾಗೆ ಅಚ್ಚಿನ ತುದಿಗೆ ಕಡಾಣಿ ಹಾಕಿರುತ್ತಾರೆ. ಚಕ್ರ ಆಚೆಗೆ ಜಾರಲು ಹೋದರೆ ಕಡಾಣಿ ಅಡ್ಡ ನಿಲ್ಲುತ್ತದೆ, ಅಷ್ಟೇ ಅದರ ಕೆಲಸ. ಕಾರಿನ ವೀಲ್ ನಟ್ಟೂ ಹೀಗೇ ಅಡ್ಡ ನಿಂತು ಚಕ್ರವನ್ನು ತಡೆಯುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. 'ಬಿಚ್ಚೋಕೇ ಆಗಬಾರದು, ಹಂಗೆ ಟೈಟ್ ಮಾಡಪ್ಪ' ಎಂಬ ಮಾತು ಪಂಕ್ಚರ್ ಅಂಗಡಿಯಲ್ಲಿ ಕೇಳಿಬರುವುದು ಇದರಿಂದಲೇ. ಹಳೆಯ ಕಾರುಗಳ ವೀಲ್ ನಟ್ಟಿಗೆ ಬರುವ ಕಾಯಿಲೆಗಳ ಬೇರು ಹುಡುಕುತ್ತಾ ಹೋದರೆ ಸಾಮಾನ್ಯವಾಗಿ ಈ ತಿಳಿವಳಿಕೆಗೇ ಬಂದು ನಿಲ್ಲುತ್ತೇವೆ.

ನಿಜಕ್ಕೂ ನಡೆಯುವುದು ಇದು. ಹಬ್‌ನಿಂದ (ಚಕ್ರ ಕೂರುವ, ತಿರುಗುವ ಭಾಗ) ಹೊರಗೆ ಚಾಚಿದ ಸ್ಟಡ್ಡಿಗೆ (ಥ್ರೆಡ್ ಇರುವ ಉಕ್ಕಿನ ಗೂಟ) ನಟ್ಟು ಹಾಕಿ ತಿರುಗಿಸಿದಾಗ ನಟ್ಟಿನ ಮೂತಿ ರಿಮ್ಮಿನ ತೂತಿನಲ್ಲಿ ಕೂರುತ್ತದೆ. ಅಲ್ಲಿಂದ ಮುಂದೆ ತಿರುಗಿಸಿದಷ್ಟೂ ಸ್ಟಡ್ಡು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ. ಹಿಗ್ಗಿದ ಉಕ್ಕು ಮತ್ತೆ ಕುಗ್ಗಲು ನೋಡುತ್ತದೆ. ಆ ಎಳೆತವೇ ರಿಮ್ಮನ್ನು ಹಬ್‌ಗೆ ಒತ್ತಿ ಹಿಡಿಯುತ್ತದೆ. ಕಾರಿನ ಭಾರ, ಬ್ರೇಕಿನ ಜಗ್ಗು, ತಿರುವಿನ ಒತ್ತಡ ಎಲ್ಲವನ್ನೂ ಹೊರುವುದು ರಿಮ್ಮು ಮತ್ತು ಹಬ್ ಮುಖಾಮುಖಿ ಕೂತ ಜಾಗದ ಘರ್ಷಣೆ. ಎಳೆತ ಸರಿಯಾಗಿದ್ದಾಗ ಸ್ಟಡ್ಡಿನ ಮೇಲೆ ಚಕ್ರ ನೇತುಬಿದ್ದಿರುವುದೇ ಇಲ್ಲ. ಎಳೆತ ಹೋದ ದಿನ ಚಕ್ರ ಸ್ಟಡ್ಡುಗಳ ಮೇಲೆ ಬಡಿದಾಡಲು ಶುರುಮಾಡುತ್ತದೆ. ಆಮೇಲೆ ಸ್ಟಡ್ಡು ಬಗ್ಗಿ ಬಗ್ಗಿ ತುಂಡಾಗಲು ಬಹಳ ಕಾಲ ಬೇಡ.

ಲೆಕ್ಕ ಹಾಕಿ ನೋಡಿ. 12 ಮಿ.ಮೀ. ದಪ್ಪದ ಸ್ಟಡ್ಡಿಗೆ ಎಣ್ಣೆ ಸೋಕದ ಒಣ ಸ್ಥಿತಿಯಲ್ಲಿ 85 ನ್ಯೂಟನ್-ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಟ್ಟರೆ ಹುಟ್ಟುವ ಎಳೆತ ಸುಮಾರು ಮೂರೂವರೆ ಟನ್. ನಾಲ್ಕು ಸ್ಟಡ್ಡು ಸೇರಿದರೆ ಒಂದೊಂದು ಚಕ್ರದ ಮೇಲೂ ಹದಿನಾಲ್ಕು ಟನ್ನಿನಷ್ಟು ಒತ್ತು. ಇಡೀ ಮಾರುತಿ 800ರ ತೂಕವೇ ಸುಮಾರು 650 ಕೆ.ಜಿ. ಎಂಬುದನ್ನು ಇದರ ಪಕ್ಕದಲ್ಲಿಟ್ಟರೆ, ಸರಿಯಾಗಿ ಕೂತ ನಟ್ಟಿಗೆ ಇನ್ನಷ್ಟು ಬಿಗಿ ಯಾಕೆ ಬೇಡ ಎಂದು ಗೊತ್ತಾಗುತ್ತದೆ.

ಈ ಲೆಕ್ಕದಲ್ಲಿ ಒಂದು ಕೊಕ್ಕೆ ಇದೆ. ಸ್ಪ್ಯಾನರಿನಿಂದ ಕೊಟ್ಟ ಟಾರ್ಕ್‌ನಲ್ಲಿ ಹತ್ತಕ್ಕೆ ಒಂಬತ್ತು ಪಾಲು ಘರ್ಷಣೆಗೇ ಹೋಗುತ್ತದೆ. ಅರ್ಧದಷ್ಟು ನಟ್ಟಿನ ಮೂತಿ ರಿಮ್ಮಿಗೆ ಉಜ್ಜುವಲ್ಲಿ, ಉಳಿದದ್ದು ಥ್ರೆಡ್ಡಿನ ಒಳಗೆ. ಸ್ಟಡ್ಡನ್ನು ಎಳೆಯಲು ಸಿಗುವುದು ಹತ್ತರಲ್ಲಿ ಒಂದೇ ಪಾಲು. ಹಾಗಾಗಿ ಘರ್ಷಣೆ ಸ್ವಲ್ಪ ಏರಿಳಿದರೂ ಎಳೆತ ತುಂಬಾ ಏರಿಳಿಯುತ್ತದೆ. ತುಕ್ಕು ಹಿಡಿದ ಥ್ರೆಡ್ಡಿನಲ್ಲಿ ಸ್ಪ್ಯಾನರು 'ಸಾಕು, ಬಿಗಿಯಾಯಿತು' ಎನ್ನುವ ಹೊತ್ತಿಗೆ ಸ್ಟಡ್ಡು ಹಿಗ್ಗಿಯೇ ಇರುವುದಿಲ್ಲ. ಎಣ್ಣೆಯೋ ಗ್ರೀಸೋ ಹಚ್ಚಿದರೆ ಇದಕ್ಕೆ ತದ್ವಿರುದ್ಧ: ಅದೇ 85ಕ್ಕೆ ಎಳೆತ ಐದು ಟನ್ನಿನ ಹತ್ತಿರಕ್ಕೆ ಹೋಗುತ್ತದೆ. 8.8 ದರ್ಜೆಯ (ಉಕ್ಕಿನ ಬಲದ ಗುರುತು ಅದು), 12 ಮಿ.ಮೀ. ಸ್ಟಡ್ಡು ಶಾಶ್ವತವಾಗಿ ಉದ್ದವಾಗದೆ ತಡೆದುಕೊಳ್ಳುವುದು ಸುಮಾರು ಐದೂವರೆ ಟನ್. ಅಂದರೆ ಮಿತಿಗೆ ತೀರಾ ಹತ್ತಿರ. 'ತುಕ್ಕು ಹಿಡಿಯಬಾರದು ಅಂತ ಒಂಚೂರು ಗ್ರೀಸ್ ಹಾಕ್ದೆ' ಎನ್ನುವವರ ಉದ್ದೇಶ ಒಳ್ಳೆಯದೇ, ಆದರೆ ಕಾರಿನ ಪುಸ್ತಕದಲ್ಲಿರುವ ಟಾರ್ಕ್ ಅಂಕಿ ಸಾಮಾನ್ಯವಾಗಿ ಒಣ ಥ್ರೆಡ್ಡಿನ ಲೆಕ್ಕದ್ದು. ತಯಾರಕರೇ ಹಚ್ಚಿ ಎಂದು ಬರೆದಿಲ್ಲದಿದ್ದರೆ ಸ್ಟಡ್ಡು ಒಣಗಿರಲಿ.

ಯಾವ ಕಾರಿಗೆ ಯಾವ ನಟ್ಟು

ಪಂಕ್ಚರ್ ಅಂಗಡಿಗಳಲ್ಲಿ ಸಾಮಾನ್ಯವಾಗಿ ಒಂದು ಹಳೆಯ ಬಣ್ಣದ ಡಬ್ಬ ಇರುತ್ತದೆ. ಬಿದ್ದುಹೋದ, ಮರೆತುಹೋದ, ಗುಜರಿಯಿಂದ ಬಂದ ನಟ್ಟುಗಳೆಲ್ಲ ಅದರಲ್ಲಿ. ನಟ್ಟು ಕಳೆದುಕೊಂಡು ಬಂದ ಕಾರಿಗೆ ಅದರಿಂದ ಒಂದನ್ನು ಆರಿಸಿ ಹಾಕುತ್ತಾರೆ, ಕಣ್ಣಿಗೆ ಎಲ್ಲವೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಇರುವುದು ಮೂರು ಕಡೆ: ಥ್ರೆಡ್ಡಿನ ಪಿಚ್ (ಒಂದು ಹಲ್ಲಿನಿಂದ ಮುಂದಿನ ಹಲ್ಲಿಗೆ ಇರುವ ದೂರ), ಮೂತಿಯ ಆಕಾರ, ಸ್ಪ್ಯಾನರಿನ ಅಳತೆ. ಮೂರನೆಯದು ತಪ್ಪಿದರೆ ಕೈಗೆ ತೊಂದರೆ, ಮೊದಲೆರಡು ತಪ್ಪಿದರೆ ಚಕ್ರಕ್ಕೆ.

ಮಾರುತಿ 800, ಓಮ್ನಿ, ಹಳೆಯ ಆಲ್ಟೊಗಳಲ್ಲಿ ಸ್ಟಡ್ಡು 12 ಮಿ.ಮೀ. ದಪ್ಪ, ಪಿಚ್ 1.25. ಸುಜುಕಿ ಮೂಲದ ಗಾಡಿಗಳ ರೂಢಿ ಅದು. ಹ್ಯುಂಡೈ ಸ್ಯಾಂಟ್ರೊ, ಹೋಂಡಾ ಸಿಟಿ, ಟೊಯೋಟಾ ಗಾಡಿಗಳಲ್ಲಿ ದಪ್ಪ ಅದೇ 12, ಪಿಚ್ ಮಾತ್ರ 1.5. ಸ್ಪ್ಯಾನರು ಮಾರುತಿಗೆ, ಹೋಂಡಾಕ್ಕೆ 19 ನಂಬರು. ಹ್ಯುಂಡೈ, ಟೊಯೋಟಾಕ್ಕೆ 21. ಅಂಬಾಸಿಡರ್‌ನಂಥ ಬ್ರಿಟಿಷ್ ಮೂಲದ ಗಾಡಿಯಾದರೆ ಇಂಚಿನ ಲೆಕ್ಕದ ಥ್ರೆಡ್ ಇರುವ ಸಾಧ್ಯತೆ ಮೊದಲೇ ತಲೆಯಲ್ಲಿರಲಿ. ಹಳೆಯ ವಿಲ್ಲೀಸ್ ಮಾದರಿಯ ಜೀಪುಗಳ ಎಡಬದಿಯ ಚಕ್ರಗಳಲ್ಲಿ ಥ್ರೆಡ್ಡೇ ಉಲ್ಟಾ: ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಗೊತ್ತಿಲ್ಲದೆ ಎಡಕ್ಕೆ ತುಳಿದು ತುಳಿದು ಸ್ಟಡ್ಡು ಮುರಿದ ಮೇಲೆ ತಿಳಿಯುವ ವಿಷಯ ಇದು. ಇಂಥ ಜೀಪು ಮುಟ್ಟುವ ಮುಂಚೆ ಹೊರಗೆ ಕಾಣುವ ಥ್ರೆಡ್ ಯಾವ ಕಡೆಗೆ ಓರೆಯಾಗಿದೆ ಎಂದು ಬಲ ಚಕ್ರದ ಜೊತೆ ಹೋಲಿಸಿ ನೋಡಿ.

1.5 ಪಿಚ್ಚಿನ ನಟ್ಟನ್ನು 1.25ರ ಸ್ಟಡ್ಡಿಗೆ ಹಾಕಿದರೆ ಮೊದಲ ಒಂದೆರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಕಚ್ಚಿಕೊಳ್ಳುತ್ತದೆ. ಕೈಯಲ್ಲಿ ಹಾಕುತ್ತಿದ್ದರೆ ತಕ್ಷಣ ತಿಳಿಯುತ್ತದೆ. ಗಾಳಿಯ ಒತ್ತಡದಿಂದ ನಟ್ಟು ತಿರುಗಿಸುವ ಏರ್ ಗನ್ನಿಗೆ ಅದು ತಿಳಿಯುವುದಿಲ್ಲ, ಥ್ರೆಡ್ಡನ್ನು ಉಜ್ಜಿಕೊಂಡೇ ಒಳಗೆ ಹೋಗುತ್ತದೆ, ನೋಡಲು ಬಿಗಿಯಾಗಿಯೇ ಇರುತ್ತದೆ. ಅದಕ್ಕೇ ನಿಯಮ ಸರಳ: ಯಾವ ನಟ್ಟೇ ಆಗಲಿ, ಮೂತಿ ರಿಮ್ಮಿಗೆ ತಾಗುವವರೆಗೂ ಬೆರಳಲ್ಲೇ ತಿರುಗಬೇಕು. ಪಿಚ್ ಅಳೆಯಲು ಗೇಜ್ ಇಲ್ಲದಿದ್ದರೆ ಸ್ಕೇಲು ಸಾಕು. ಎಂಟು ಹಲ್ಲಿಗೆ 10 ಮಿ.ಮೀ. ಬಂದರೆ ಪಿಚ್ 1.25, 12 ಮಿ.ಮೀ. ಬಂದರೆ 1.5.

ಮೂತಿಯ ವಿಷಯ ಇನ್ನೂ ಸೂಕ್ಷ್ಮ. ಹೆಚ್ಚಿನ ಕಾರುಗಳಲ್ಲಿ ನಟ್ಟಿನ ಮೂತಿ 60 ಡಿಗ್ರಿಯ ಕೋನ್. ಹೋಂಡಾದ ಕಂಪನಿ ರಿಮ್ಮಿಗೆ ಗೋಲಿಯಂತೆ ದುಂಡು ಮೂತಿಯ ನಟ್ಟು. ಟೊಯೋಟಾದ ಹಲವು ಕಂಪನಿ ಅಲಾಯ್‌ಗಳಿಗೆ ಚಪ್ಪಟೆ ವಾಶರ್ ಇರುವ, ಕೆಳಗೆ ಕೊಳವೆಯಂತೆ ಕತ್ತು ಚಾಚಿದ ನಟ್ಟು. ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿದರೆ ಥ್ರೆಡ್ ಸರಿಹೊಂದಿದರೂ ಮೂತಿ ರಿಮ್ಮಿಗೆ ಪೂರ್ತಿ ಕೂರುವುದಿಲ್ಲ, ಬಳೆಯಷ್ಟು ತೆಳು ಗೆರೆಯಲ್ಲಿ ಮಾತ್ರ ತಾಗುತ್ತದೆ. ಟಾರ್ಕ್ ರೆಂಚ್ (ಇಟ್ಟ ಅಂಕಿಗೆ ಬಿಗಿಯಾದಾಗ ತಿಳಿಸುವ ಸ್ಪ್ಯಾನರು) ಕ್ಲಿಕ್ ಅನ್ನುತ್ತದೆ, ನೀವು ನೆಮ್ಮದಿಯಾಗಿ ಹೊರಡುತ್ತೀರಿ. ಐವತ್ತು ಕಿಲೋಮೀಟರ್ ಓಡುವಷ್ಟರಲ್ಲಿ ಆ ಗೆರೆ ಒತ್ತಿ ಸವೆದು ಎಳೆತವೆಲ್ಲ ಇಳಿದುಹೋಗಿರುತ್ತದೆ. ಹಳೆಯ ಸಿಟಿಗೆ ಹೊರಗಿನ ಅಲಾಯ್ ಹಾಕಿಸಿ ಕೋನ್ ನಟ್ಟು ಕೊಂಡವರು, ಸ್ಟೆಪ್ನಿ ಇನ್ನೂ ಕಂಪನಿಯ ಕಬ್ಬಿಣದ ರಿಮ್ಮೇ ಎಂಬುದನ್ನು ಮರೆಯುತ್ತಾರೆ. ಪಂಕ್ಚರ್ ಆದ ರಾತ್ರಿ ಆ ರಿಮ್ಮಿಗೆ ಬೇಕಾದ ದುಂಡು ನಟ್ಟು ಮನೆಯ ಅಟ್ಟದ ಮೇಲಿರುತ್ತದೆ. ಸ್ಟೆಪ್ನಿಯ ನಟ್ಟು ಸ್ಟೆಪ್ನಿಯ ಜೊತೆಗೇ ಇರಲಿ.

ಫಿಯಟ್ ಪಾಲಿಯೊ, ಫೋಕ್ಸ್‌ವ್ಯಾಗನ್ ಪೋಲೊದಂಥ ಯುರೋಪಿನ ಮೂಲದ ಕಾರುಗಳಲ್ಲಿ ಸ್ಟಡ್ಡೇ ಇಲ್ಲ, ಬೋಲ್ಟನ್ನು ನೇರ ಹಬ್‌ಗೆ ತಿರುಗಿಸುವುದು. ಅಲ್ಲಿ ಬೋಲ್ಟಿನ ಉದ್ದವೂ ಲೆಕ್ಕಕ್ಕೆ ಬರುತ್ತದೆ. ಉದ್ದ ಜಾಸ್ತಿಯಾದರೆ ಹಿಂದೆ ಬ್ರೇಕಿನ ಭಾಗಗಳಿಗೆ ತಾಗಬಹುದು, ಕಡಿಮೆಯಾದರೆ ಥ್ರೆಡ್ ಹಿಡಿತ ಸಾಲದು.

ಟೋಪಿ ಹಾಕಿದ ನಟ್ಟಿನ ಮೋಸ

ಹೊಳೆಯುವ ಮುಚ್ಚಳದ ನಟ್ಟುಗಳಲ್ಲಿ ಎರಡು ಜಾತಿ. ಒಂದು ಇಡಿಯಾಗಿ ಉಕ್ಕಿನದು, ಮೇಲೆ ಕ್ರೋಮ್ ಲೇಪ. ಇನ್ನೊಂದರಲ್ಲಿ ಒಳಗೆ ಸಾಧಾರಣ ಉಕ್ಕಿನ ನಟ್ಟು, ಅದರ ಮೇಲೆ ತೆಳು ತಗಡಿನ ಟೋಪಿ ಒತ್ತಿ ಕೂರಿಸಿರುತ್ತಾರೆ. ತೊಂದರೆ ಎರಡನೆಯದರದ್ದು. ಟೋಪಿಯ ಅಂಚಿನಿಂದ ನೀರು ಒಳಗಿಳಿಯುತ್ತದೆ. ನಾಲೆ ಏರಿಯ ಕೆಸರು, ಗದ್ದೆ ದಾರಿಯ ರಾಡಿ, ವಾರವಾರದ ವಾಟರ್ ವಾಶ್ ಎಲ್ಲ ಸೇರಿ ಒಳಗಿನ ಉಕ್ಕು ತುಕ್ಕು ಹಿಡಿದು ಉಬ್ಬುತ್ತದೆ. ತುಕ್ಕಿಗೆ ಉಕ್ಕಿಗಿಂತ ಹೆಚ್ಚು ಜಾಗ ಬೇಕು, ಅದು ಟೋಪಿಯನ್ನು ಒಳಗಿನಿಂದ ಆಚೆಗೆ ದಬ್ಬುತ್ತದೆ. 19ರ ನಟ್ಟು ಹತ್ತೊಂಬತ್ತೂವರೆ ಆಗುತ್ತದೆ. ಕಾರಿನ ಜೊತೆ ಬಂದ ಸ್ಪ್ಯಾನರು ಹತ್ತುವುದಿಲ್ಲ, 20 ಅಥವಾ 21 ಹಾಕಿದರೆ ಸಡಿಲ, ಮೂಲೆಗಳು ಉರುಟಾಗಿ ಹೋಗುತ್ತವೆ. ಕೆಲವು ಸಲ ಟೋಪಿಯೇ ಸ್ಪ್ಯಾನರಿನೊಳಗೆ ಸಿಕ್ಕಿಹಾಕಿಕೊಂಡು ಬಂದುಬಿಡುತ್ತದೆ. ಒಳಗೆ ಉಳಿದ ಬೋಳು ನಟ್ಟಿಗೆ ಒಂದೆರಡು ನಂಬರು ಚಿಕ್ಕ ಸಾಕೆಟ್ಟೇ ಬೇಕು.

ಪರೀಕ್ಷೆ ಸುಲಭ. ಕಾರಿನ ಸ್ವಂತ ಸ್ಪ್ಯಾನರನ್ನು ಎಲ್ಲ ನಟ್ಟಿಗೂ ಒಂದೊಂದಾಗಿ ತೂರಿಸಿ ನೋಡಿ, ತಿರುಗಿಸಬೇಕಿಲ್ಲ. ಬಡಿಯದೆ ಹತ್ತದ ನಟ್ಟು ಬದಲಾಗಬೇಕು, ಅದೂ ಮನೆ ಮುಂದೆ ಬೆಳಕಿನಲ್ಲಿ. ನಾಲ್ಕು ಸ್ಟಡ್ಡಿನ ಕಾರಿಗೆ 16 ನಟ್ಟು, ಐದರದ್ದಕ್ಕೆ 20, ಮೇಲೆ ಎರಡು ಹೆಚ್ಚಿಗೆ ತೆಗೆದುಕೊಳ್ಳಿ. ಬದಲಿಗೆ ಇಡಿ ಉಕ್ಕಿನದನ್ನೇ ಆರಿಸಿ. ಕಬ್ಬಿಣದ ರಿಮ್ಮಿನ ಮೇಲೆ ಪ್ಲಾಸ್ಟಿಕ್ ವೀಲ್ ಕ್ಯಾಪ್ ಬಳಸುವ ಗಾಡಿಗೆ ತುದಿ ತೆರೆದ ಸಾದಾ ನಟ್ಟೇ ಸಾಕು. ಕೊಳ್ಳುವಾಗ ಹಳೆಯದೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಅಂಗಡಿಯಲ್ಲೇ ಮೂತಿಗೆ ಮೂತಿ ಇಟ್ಟು ನೋಡಿ. ಮುಚ್ಚಿದ ನಟ್ಟಾದರೆ ಒಳಗಿನ ಆಳವನ್ನೂ ಕಡ್ಡಿ ಹಾಕಿ ಅಳೆಯಿರಿ. ಆಳ ಸಾಲದಿದ್ದರೆ ಸ್ಟಡ್ಡಿನ ತುದಿ ಮುಚ್ಚಳಕ್ಕೆ ತಾಗಿ ಅಲ್ಲೇ ಬಿಗಿಯಾಗುತ್ತದೆ, ರಿಮ್ಮು ಸಡಿಲವಾಗಿಯೇ ಉಳಿಯುತ್ತದೆ.

ಕಚ್ಚಿಕೊಂಡ ನಟ್ಟು ಬಿಚ್ಚುವುದು

ಜಾಕಿ ಹಾಕುವ ಮುಂಚೆ, ಚಕ್ರ ನೆಲದ ಮೇಲಿರುವಾಗಲೇ ಎಲ್ಲ ನಟ್ಟನ್ನೂ ಅರ್ಧ ಸುತ್ತು ಸಡಿಲಿಸಿ. ಹ್ಯಾಂಡ್ ಬ್ರೇಕ್, ಫಸ್ಟ್ ಗೇರ್, ಎದುರು ಮೂಲೆಯ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು. ಜಗ್ಗದ ನಟ್ಟಿಗೆ ಡಬ್ಲ್ಯೂಡಿ-40 ಥರದ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಡಿ. ತುದಿ ತೆರೆದ ನಟ್ಟಾದರೆ ಮುಂದಿನಿಂದ ಇಳಿಯುತ್ತದೆ. ಮುಚ್ಚಿದ ನಟ್ಟಿಗೆ ಅದು ತಲುಪುವುದು ಮೂತಿಯವರೆಗೆ ಮಾತ್ರ. ಬ್ರೇಕಿಗೆ ಹಾರದಂತೆ ಬಟ್ಟೆ ಅಡ್ಡ ಹಿಡಿಯಿರಿ.

ಸಾಕೆಟ್ಟು ಆರು ಮೂಲೆಯದೇ ಬೇಕು. ಹನ್ನೆರಡು ಮೂಲೆಯ ಸಾಕೆಟ್ಟು ನಟ್ಟಿನ ತುದಿಯನ್ನಷ್ಟೇ ಹಿಡಿಯುತ್ತದೆ, ತುಕ್ಕು ಹಿಡಿದಿದ್ದರೆ ಮೂಲೆ ಕೆರೆದು ಹಾಕುತ್ತದೆ. ಸ್ಪ್ಯಾನರಿನ ಹಿಡಿ ನಿಮ್ಮ ಎಡಗಡೆ ನೆಲಕ್ಕೆ ಸಮವಾಗಿರಲಿ, ಕೆಳಗೆ ಒತ್ತಿದರೆ ನಟ್ಟು ಬಿಚ್ಚುವ ದಿಕ್ಕಿಗೆ ತಿರುಗುತ್ತದೆ. ಬಲ ಸಾಲದಿದ್ದರೆ ಎರಡೂವರೆ ಅಡಿ ಜಿಐ ಪೈಪನ್ನು ಹಿಡಿಗೆ ತೂರಿಸಿ ನಿಧಾನಕ್ಕೆ ಭಾರ ಬಿಡಿ. ಹಾರಿ ಹಾರಿ ತುಳಿಯುವುದು ಬೇಡ, ಸ್ಪ್ಯಾನರು ಜಾರಿದರೆ ಮೊಣಕಾಲು ಹೋಗುತ್ತದೆ. ಕಚ್ಚಿದ ನಟ್ಟನ್ನು ಮೊದಲು ಬಿಗಿಯ ಕಡೆಗೆ ಒಂದು ಕೂದಲಷ್ಟು ಕದಲಿಸಿ ಆಮೇಲೆ ಬಿಚ್ಚುವುದು ಹಳೆಯ ಮೆಕ್ಯಾನಿಕ್‌ಗಳ ಉಪಾಯ. ತುಕ್ಕಿನ ಹಿಡಿತ ಮುರಿಯಲು ಆ ಅಲುಗಾಟ ಸಾಕಾಗುತ್ತದೆ.

ಮೂಲೆ ಪೂರ್ತಿ ಸವೆದಿದ್ದರೆ, ಒಂದು ನಂಬರು ಚಿಕ್ಕದಾದ ಹಳೆಯ ಸಾಕೆಟ್ಟನ್ನು ಸುತ್ತಿಗೆಯಿಂದ ಬಡಿದು ಕೂರಿಸಿ ತಿರುಗಿಸಬಹುದು. ಒಳಗೆ ಸುರುಳಿ ಹಲ್ಲಿರುವ ಎಕ್ಸ್‌ಟ್ರಾಕ್ಟರ್ ಸಾಕೆಟ್ಟು ಸಿಕ್ಕರೆ ಇನ್ನೂ ಒಳ್ಳೆಯದು. ಆ ನಟ್ಟನ್ನು ಮತ್ತೆ ಬಳಸುವ ಮಾತೇ ಇಲ್ಲ. ಗ್ಯಾಸ್ ಕಟ್ಟರ್ ಬೆಂಕಿ ಹಾಕಿ ಕಾಯಿಸುವುದನ್ನು ಮಾತ್ರ ಟೈರಿರುವ ಚಕ್ರದ ಮೇಲೆ ಯಾರೂ ಮಾಡಬಾರದು. ಬೇರಿಂಗ್ ಗ್ರೀಸ್ ಕರಗುವುದು, ಸ್ಟಡ್ಡಿನ ಹದ ಕೆಡುವುದು ಹಾಗಿರಲಿ, ಗಾಳಿ ತುಂಬಿದ ಟೈರು ಒಳಗಿನಿಂದ ಬಿಸಿಯೇರಿದರೆ ಸಿಡಿಯುತ್ತದೆ, ಹತ್ತಿರವಿದ್ದವರ ಪ್ರಾಣ ತೆಗೆಯುವಷ್ಟು ಜೋರಾಗಿ.

ನಟ್ಟೆಲ್ಲ ಬಂದರೂ ರಿಮ್ಮು ಹಬ್ ಬಿಟ್ಟು ಬರದಿದ್ದರೆ, ನಟ್ಟುಗಳನ್ನು ಮತ್ತೆ ಹಾಕಿ ಎರಡು ಸುತ್ತು ಸಡಿಲವಾಗಿಡಿ. ಕಾರನ್ನು ಕೆಳಗಿಳಿಸಿ ಒಂದಡಿ ಹಿಂದೆ, ಒಂದಡಿ ಮುಂದೆ ಮೆಲ್ಲಗೆ ಸರಿಸಿದರೆ ಟಕ್ಕನೆ ಬಿಡುತ್ತದೆ. ನಟ್ಟು ಪೂರ್ತಿ ತೆಗೆದು, ಕಾರು ಜಾಕಿಯ ಮೇಲಿರುವಾಗ ಕೆಳಗೆ ಕೂತು ಒದೆಯುವುದು ಅಪಾಯ.

ದಸರಾ ಬಣ್ಣ

ಆಯುಧಪೂಜೆ ಹತ್ತಿರ ಬಂದಾಗ ಮೈಸೂರಿನಲ್ಲಿ ಹಳೆಯ ಕಾರುಗಳ ರಿಮ್ಮಿಗೆ ಸಿಲ್ವರ್ ಬಣ್ಣ ಬಳಿಯುವ ಸಂಭ್ರಮ ಜೋರು. ಕೆಎ-09, ಕೆಎ-11, ಕೆಎ-55 ನಂಬರಿನ ಕಾರು 15 ವರ್ಷ ತುಂಬಿ ಆರ್‌ಸಿ ನವೀಕರಣಕ್ಕೆ ಹೋಗುವ ಮುಂಚೆಯೂ ಹೀಗೇ ಒಂದು ಸುತ್ತು ಬಣ್ಣ ಕಾಣುತ್ತದೆ. ಬಣ್ಣಕ್ಕೆ ನಮ್ಮ ತಕರಾರಿಲ್ಲ, ಅದು ಎಲ್ಲಿ ಬೀಳುತ್ತದೆ ಎಂಬುದರ ಮೇಲೆ ತಕರಾರಿದೆ. ಚಕ್ರ ಬಿಚ್ಚದೆ ಬ್ರಷ್ಷಿನಲ್ಲಿ ಬಳಿದರೆ ಬಣ್ಣ ನಟ್ಟಿನ ಸುತ್ತ ಇಳಿದು ತುದಿ ತೆರೆದ ನಟ್ಟಿನ ಥ್ರೆಡ್ಡಿಗೂ ಸೇರುತ್ತದೆ. ಚಕ್ರ ಬಿಚ್ಚಿ ಸ್ಪ್ರೇ ಅಥವಾ ಪೌಡರ್ ಕೋಟಿಂಗ್ ಮಾಡಿಸಿದರೆ ನಟ್ಟು ಕೂರುವ ತೂತಿನ ಇಳಿಜಾರಿಗೂ, ಹಬ್‌ಗೆ ತಾಗುವ ಹಿಂಬದಿಗೂ ದಪ್ಪ ಪದರ ಬೀಳುತ್ತದೆ. ಸ್ಟಡ್ಡು ಹಿಗ್ಗುವುದೇ ಕೂದಲೆಳೆಯಷ್ಟು. ನಡುವೆ ಸಿಕ್ಕಿಕೊಂಡ ಬಣ್ಣ ಬಿಸಿಗೆ, ಒತ್ತಡಕ್ಕೆ ಹಿಂಡಿಹೋದಾಗ ಆ ಹಿಗ್ಗು ಅಲ್ಲೇ ಕರಗುತ್ತದೆ. ಬಿಗಿ ಮಾಡುವಾಗ ಎಲ್ಲ ಸರಿಯಿತ್ತು, ವಾರದಲ್ಲಿ ಹೇಗೆ ಸಡಿಲವಾಯಿತು ಎಂದು ತಲೆ ಕೆರೆದುಕೊಳ್ಳುವ ಪ್ರಕರಣಗಳಲ್ಲಿ ಮೊದಲು ನೋಡಬೇಕಾದ್ದು ಇದನ್ನೇ.

ಕೋಟಿಂಗ್ ಅಂಗಡಿಯವರಿಗೆ ಮೊದಲೇ ಹೇಳಿ ಈ ಎರಡು ಜಾಗವನ್ನು ಟೇಪು, ಪ್ಲಗ್ಗಿನಿಂದ ಮುಚ್ಚಿಸಿ. ಆಗಲೇ ಬಿದ್ದಿದ್ದರೆ ಉಪ್ಪುಕಾಗದದಿಂದ ಉಜ್ಜಿ ಲೋಹ ಕಾಣುವಂತೆ ಮಾಡಿ.

ಚಕ್ರ ಬಿಚ್ಚಿದಾಗಲೆಲ್ಲ ಹಬ್‌ನ ಮುಖ ಮತ್ತು ರಿಮ್ಮಿನ ಹಿಂಬದಿಗೆ ವೈರ್ ಬ್ರಷ್ ಹಾಕುವ ಅಭ್ಯಾಸ ಒಳ್ಳೆಯದು. ಹಪ್ಪಳದಂತೆ ಎದ್ದ ತುಕ್ಕಿನ ಚೂರು ಒಂದು ನಡುವೆ ಉಳಿದರೂ ರಿಮ್ಮು ಓರೆ ಕೂರುತ್ತದೆ. ಸ್ಟಡ್ಡಿನ ಥ್ರೆಡ್ಡಿಗೂ ವೈರ್ ಬ್ರಷ್ಷೇ ಸಾಕು. ಥ್ರೆಡ್ ಸ್ವಲ್ಪ ಮಡಚಿಕೊಂಡಿದ್ದರೆ ಅದನ್ನು ನೆಟ್ಟಗೆ ಮಾಡುವ ಥ್ರೆಡ್ ಚೇಸರ್ ಹಾಕಿಸಿ. ಕತ್ತರಿಸುವ ಡೈ ಹಾಕಿದರೆ ಒಳ್ಳೆಯ ಲೋಹವನ್ನೂ ಸ್ವಲ್ಪ ಹೆರೆದು ತೆಗೆಯುತ್ತದೆ. ಸ್ಪ್ರೇ ಎಣ್ಣೆಯ ಪಸೆ ಉಳಿದಿದ್ದರೆ ಬ್ರೇಕ್ ಕ್ಲೀನರಿನಿಂದ ಒರೆಸಿ ಒಣಗಿಸಿ. ಗ್ರೀಸಿಗೆ ಒಂದೇ ಒಂದು ಜಾಗ: ಹಬ್‌ನ ನಡುವೆ ಉಬ್ಬಿರುವ, ರಿಮ್ಮಿನ ನಡುತೂತು ಕೂರುವ ಬಳೆಯ ಸುತ್ತ ಬೆರಳಿಗೆ ಅಂಟುವಷ್ಟು. ರಿಮ್ಮು ಅಲ್ಲೇ ಹಬ್‌ಗೆ ಕಚ್ಚಿಕೊಳ್ಳುವುದು. ಅದು ಒತ್ತು ಬೀಳುವ ಮುಖಕ್ಕಾಗಲಿ ಸ್ಟಡ್ಡಿಗಾಗಲಿ ತಾಗಬಾರದು.

ಬಿಗಿ ಮಾಡುವುದು

ಕಾರಿನ ಪುಸ್ತಕದಲ್ಲಿ ಟಾರ್ಕ್ ಅಂಕಿ ಇದ್ದೇ ಇರುತ್ತದೆ. ಹಳೆಯ ಮಾರುತಿ ಸ್ವಿಫ್ಟ್‌ಗೆ 85 ನ್ಯೂಟನ್-ಮೀಟರ್, ಟೊಯೋಟಾ ಗಾಡಿಗಳಿಗೆ ಸಾಮಾನ್ಯವಾಗಿ 103, ಹೋಂಡಾಕ್ಕೆ 108, ಪೋಲೊಗೆ 120. ಪುಸ್ತಕ ಇಲ್ಲದಿದ್ದರೆ ಅದೇ ಮಾದರಿ, ಅದೇ ವರ್ಷದ ಕಾರಿನದನ್ನು ಹುಡುಕಿ, ಪಕ್ಕದ ಮನೆಯ ಬೇರೆ ಕಾರಿನ ಅಂಕಿ ಬೇಡ.

85 ಎಂದರೆ ಕೈಗೆ ಎಷ್ಟು? ಕಾರಿನ ಜೊತೆ ಬರುವ ಎಲ್ ಸ್ಪ್ಯಾನರಿನ ಹಿಡಿ 30 ಸೆಂ.ಮೀ. ಎಂದಿಟ್ಟುಕೊಂಡರೆ, ಅದರ ತುದಿಯಲ್ಲಿ ಸುಮಾರು 29 ಕೆ.ಜಿ. ಭಾರ. ಗಟ್ಟಿಮುಟ್ಟಾದ ಒಬ್ಬರು ಒಂದು ಕೈಯಲ್ಲಿ ಜೋರಾಗಿ ಎಳೆದರೆ ಹೆಚ್ಚು ಕಡಿಮೆ ಅಷ್ಟೇ. 70 ಕೆ.ಜಿ. ತೂಕದವರು ಅದೇ ಹಿಡಿಯ ಮೇಲೆ ಹತ್ತಿ ನಿಂತರೆ 206 ನ್ಯೂಟನ್-ಮೀಟರ್. ಶುದ್ಧವಾದ ಒಣ ಥ್ರೆಡ್ಡಿನಲ್ಲಿ ಅದು ಎಂಟು ಟನ್ ದಾಟಿದ ಎಳೆತ, 8.8 ದರ್ಜೆಯ ಸ್ಟಡ್ಡು ತುಂಡಾಗುವ ಮಿತಿಯನ್ನೂ ಮೀರಿದ್ದು. ಹಾಗಾದರೆ ಹತ್ತಿ ತುಳಿದಾಗಲೆಲ್ಲ ಮುರಿಯುವುದಿಲ್ಲವಲ್ಲ? ಕೊಳೆ, ತುಕ್ಕಿನ ಘರ್ಷಣೆ ಅದರಲ್ಲಿ ದೊಡ್ಡ ಪಾಲನ್ನು ನುಂಗಿಹಾಕುತ್ತದೆ, ಅದೃಷ್ಟಕ್ಕೆ. ಅರ್ಧ ಇಂಚಿನ ಏರ್ ಗನ್ನನ್ನು ಪೂರ್ತಿ ಒತ್ತಿ ಬಿಟ್ಟರೆ 300–400 ಸುಲಭವಾಗಿ ತಲುಪುತ್ತದೆ. ಒಂದು ಸಲಕ್ಕೆ ಸ್ಟಡ್ಡು ಮುರಿಯದಿರಬಹುದು, ಆದರೆ ಮಿತಿ ದಾಟಿ ಹಿಗ್ಗಿದ್ದು ಮತ್ತೆ ಮೊದಲಿನಂತಾಗುವುದಿಲ್ಲ. ಇಪ್ಪತ್ತು ವರ್ಷದಲ್ಲಿ ಎಷ್ಟೋ ಪಂಕ್ಚರ್ ಕಂಡ ಕಾರಿನ ಸ್ಟಡ್ಡು ಯಾವತ್ತೋ ಒಂದು ದಿನ, ಯಾರೋ ಮೆಲ್ಲಗೆ ಬಿಚ್ಚುವಾಗ ಕೈಗೆ ಬರುತ್ತದೆ. ಬೈಗುಳ ಆ ಹುಡುಗನಿಗೆ ಬೀಳುತ್ತದೆ.

ಪಂಕ್ಚರ್ ಅಂಗಡಿಯಲ್ಲಿ 'ಅಣ್ಣ, ಗನ್ನು ಬಿಚ್ಚೋಕೆ ಮಾತ್ರ, ಹಾಕೋದು ಕೈಲಿ' ಎಂದು ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಚಕ್ರ ಮೇಲಿರುವಾಗ ಎಲ್ಲ ನಟ್ಟನ್ನೂ ಬೆರಳಲ್ಲಿ ಪೂರ್ತಿ ಓಡಿಸಿ, ಚಕ್ರ ಅಲುಗಾಡಿಸುತ್ತಾ ಸ್ಪ್ಯಾನರಿನಲ್ಲಿ ಹಗುರಾಗಿ ಕೂರಿಸಿ. ನಾಲ್ಕು ಸ್ಟಡ್ಡಾದರೆ ಒಂದರ ನಂತರ ಅದರ ಎದುರಿನದು, ಐದಾದರೆ ನಕ್ಷತ್ರ ಬರೆಯುವ ಕ್ರಮ. ಪಕ್ಕಪಕ್ಕದವನ್ನೇ ಬಿಗಿಮಾಡುತ್ತಾ ಹೋದರೆ ರಿಮ್ಮು ಒಂದು ಕಡೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ, ಕೊನೆಯ ನಟ್ಟು ಬಿಗಿಯಾದಂತೆ ಕಂಡರೂ ಮೊದಲನೆಯದು ಸಡಿಲವಾಗಿರುತ್ತದೆ. ಮುಂದಿನ ಡಿಸ್ಕ್ ಬ್ರೇಕ್ ಇರುವ ಕಾರಿನಲ್ಲಿ ಇದು ಡಿಸ್ಕನ್ನೂ ಓರೆ ಮಾಡಿ, ಕೆಲವು ಸಾವಿರ ಕಿಲೋಮೀಟರ್‌ಗಳಲ್ಲಿ ಬ್ರೇಕ್ ಒತ್ತಿದಾಗ ಪೆಡಲು ನಡುಗುವಂತೆ ಮಾಡುತ್ತದೆ. ಟೈರು ನೆಲಕ್ಕೆ ತಾಗಿದ ಮೇಲೆ ಅದೇ ಕ್ರಮದಲ್ಲಿ ಮೊದಲು ಅರ್ಧ ಟಾರ್ಕ್, ಆಮೇಲೆ ಪೂರ್ತಿ.

ಕ್ಲಿಕ್ ಬರುವ ಟಾರ್ಕ್ ರೆಂಚನ್ನು ಒಂದೇ ಸಮನೆ ನಿಧಾನ ಎಳೆಯಬೇಕು. ಒಂದು ಕ್ಲಿಕ್ ಸಾಕು, ಖಾತ್ರಿಗೆಂದು ಮೂರು ಸಲ ಕ್ಲಿಕ್ ಮಾಡಿಸುವುದು ಪ್ರತಿ ಸಲವೂ ಸ್ವಲ್ಪ ಹೆಚ್ಚಿಸಿದಂತೆ. ಕೆಲಸ ಮುಗಿದ ಮೇಲೆ ಅದನ್ನು ಅತಿ ಕಡಿಮೆ ಅಂಕಿಗೆ ತಿರುಗಿಸಿ ಇಡಿ, ಬಿಚ್ಚಲು ಅದನ್ನು ಬಳಸಬೇಡಿ. ಇನ್ನೊಂದು: ಗನ್ನಿನಲ್ಲಿ ಬಿಗಿದ ನಟ್ಟಿಗೆ ಟಾರ್ಕ್ ರೆಂಚ್ ಹಿಡಿದು ಕ್ಲಿಕ್ ಬಂತು ಎಂದರೆ ಅದು 85ಕ್ಕಿಂತ ಕಡಿಮೆ ಇಲ್ಲ ಎಂದಷ್ಟೇ ಅರ್ಥ, 250 ಇದ್ದರೂ ಕ್ಲಿಕ್ ಬರುತ್ತದೆ. ಸಡಿಲಿಸಿ ಮತ್ತೆ ಬಿಗಿ ಮಾಡಿದರಷ್ಟೇ ನಿಜವಾದ ಅಳತೆ.

ಚಕ್ರ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಟಾರ್ಕ್ ನೋಡಬೇಕು. ಮಂಡ್ಯದಿಂದ ಮೈಸೂರಿಗೆ ಹೋಗಿ ಬಂದರೆ ಅಷ್ಟಾಗುತ್ತದೆ. ನೋಡುವುದು ಚಕ್ರ ತಣ್ಣಗಿರುವಾಗ. ಚಾಮುಂಡಿ ಬೆಟ್ಟ ಇಳಿದು ಬಂದ ಕೂಡಲೇ ಹಬ್, ಡ್ರಮ್ಮು, ಡಿಸ್ಕ್ ಕೈ ಇಡಲಾಗದಷ್ಟು ಕಾದಿರುತ್ತವೆ. ಆಗ ಬಿಗಿ ಮಾಡಿದ ಅಂಕಿ ಆರಿದ ಮೇಲೆ ಅದೇ ಆಗಿರುವುದಿಲ್ಲ.

ಸಡಿಲವಾಗಿರುವುದನ್ನು ಕಾರು ತಾನೇ ಹೇಳುತ್ತದೆ. ನಿಧಾನಕ್ಕೆ ಹೋಗುವಾಗ ಒಂದು ಚಕ್ರದಿಂದ ಟಕ್ ಟಕ್, ವೇಗ ಹೆಚ್ಚಿದಂತೆ ಸ್ಟೇರಿಂಗ್ ಅಥವಾ ಸೀಟಿನಲ್ಲಿ ನಡುಕ. ನಟ್ಟಿನ ಬುಡದಿಂದ ರಿಮ್ಮಿನ ಮೇಲೆ ಕೆಂಪು ತುಕ್ಕಿನ ಗೆರೆಗಳು ಹೊರಟಿದ್ದರೆ ಅಲ್ಲಿ ಲೋಹ ಲೋಹಕ್ಕೆ ಉಜ್ಜಾಡುತ್ತಿದೆ ಎಂದರ್ಥ. ಸಡಿಲವಾಗಿ ಓಡಿದ ಚಕ್ರದ ನಟ್ಟನ್ನು ಬಿಗಿ ಮಾಡಿ ಮರೆತರೆ ಸಾಲದು. ಬಿಚ್ಚಿ ರಿಮ್ಮಿನ ತೂತು ಉದ್ದುದ್ದವಾಗಿದೆಯೇ ನೋಡಿ. ಆಗಿದ್ದರೆ ಆ ರಿಮ್ಮು ಗುಜರಿಗೆ, ಆ ಹಬ್‌ನ ಅಷ್ಟೂ ಸ್ಟಡ್ಡು ಬದಲು.

ಸ್ಟಡ್ಡು ಬದಲಿಸುವುದು

ಹಬ್‌ನ ಹಿಂಬದಿಯಿಂದ ಒತ್ತಿ ಕೂರಿಸಿದ ಸ್ಟಡ್ಡಿನ ಕತ್ತಿನಲ್ಲಿ ಉದ್ದುದ್ದ ಹಲ್ಲುಗಳಿರುತ್ತವೆ, ಅವು ಹಬ್‌ನ ತೂತನ್ನು ಕಚ್ಚಿಕೊಂಡು ಸ್ಟಡ್ಡು ತಿರುಗದಂತೆ ಹಿಡಿಯುತ್ತವೆ. ಅದಕ್ಕೆ ಹೊಸದನ್ನು ತರುವಾಗ ಥ್ರೆಡ್, ಉದ್ದದ ಜೊತೆಗೆ ಆ ಹಲ್ಲಿನ ಭಾಗದ ದಪ್ಪವೂ ಒಂದೇ ಇರಬೇಕು. ಲೇತ್ ಅಂಗಡಿಯಲ್ಲಿ ಸಾದಾ ಕಬ್ಬಿಣದ ಸರಳಿನಿಂದ ಕಡೆಸಿದ ಸ್ಟಡ್ಡು ಬೇಡ. ಕಂಪನಿ ಸ್ಟಡ್ಡು ಹದ ಕೊಟ್ಟ ಉಕ್ಕಿನದು, ಥ್ರೆಡ್ಡನ್ನು ಕತ್ತರಿಸದೆ ಒತ್ತಿ ಮೂಡಿಸಿರುತ್ತಾರೆ. ಇಂಥ ಕಡೆ ನೂರಿನ್ನೂರು ಉಳಿಸುವುದು ಜಾಣತನವಲ್ಲ. ಒಂದು ಮುರಿದಿದ್ದರೆ ಅದರ ಎರಡೂ ಪಕ್ಕದವನ್ನು ಸೇರಿಸಿ ಬದಲಿಸಿ, ಯಾಕೆಂದರೆ ಅದರ ಪಾಲಿನ ಭಾರ ಹೊತ್ತದ್ದು ಅವೇ. ಎರಡು ಮುರಿದಿದ್ದರೆ ಎಲ್ಲವನ್ನೂ.

ಕಾರನ್ನು ಜಾಕಿಯ ಮೇಲಷ್ಟೇ ಬಿಡದೆ ಸ್ಟ್ಯಾಂಡ್ ಕೊಟ್ಟು, ಡ್ರಮ್ಮು ಅಥವಾ ಕ್ಯಾಲಿಪರ್, ಡಿಸ್ಕ್ ತೆಗೆಯಿರಿ. ಹಬ್ ತಿರುಗಿಸುತ್ತಾ ಹೋದರೆ ಹಳೆಯ ಸ್ಟಡ್ಡು ಹಿಂದಕ್ಕೆ ಹೊರಬರುವಷ್ಟು ಜಾಗ ಒಂದು ಕಡೆ ಸಿಗಬಹುದು. ಸಿಗದಿದ್ದರೆ ಹಬ್ ಹೊರಗೆ ಬರಬೇಕು. ಹೊಡೆಯುವುದಾದರೆ ತುದಿಗೆ ಒಂದು ಹಳೆಯ ನಟ್ಟು ಸಮ ಕೂರಿಸಿ ಹೊಡೆಯುತ್ತಾರೆ. ಆದರೆ ಆ ಪೆಟ್ಟು ನೇರ ವೀಲ್ ಬೇರಿಂಗಿಗೆ ಹೋಗುತ್ತದೆ, ಗುಂಡುಗಳು ಕೂತ ದಾರಿಯಲ್ಲಿ ಸಣ್ಣ ಗುಳಿ ಬಿದ್ದರೆ ತಿಂಗಳೊಪ್ಪತ್ತಿನಲ್ಲಿ ಬೇರಿಂಗ್ ಗುಂಯ್ ಎನ್ನಲು ಶುರು. ಪ್ರೆಸ್ಸಿನಲ್ಲಿ ಒತ್ತಿಸುವುದೇ ಸರಿ.

ಹೊಸ ಸ್ಟಡ್ಡನ್ನು ಹಿಂದಿನಿಂದ ತೂರಿಸಿ, ಹಳೆಯ ಹಲ್ಲಿನ ಗುರುತಿಗೆ ಹೊಂದಿಸಿ. ಮುಂದೆ ನಾಲ್ಕೈದು ದಪ್ಪ ವಾಶರ್ ಪೇರಿಸಿ, ಹಳೆಯ ನಟ್ಟೊಂದನ್ನು ಚಪ್ಪಟೆ ಬದಿ ವಾಶರಿಗೆ ತಾಗುವಂತೆ ತಿರುಗಿಸಿ ಹಾಕಿ ಬಿಗಿ ಮಾಡುತ್ತಾ ಹೋದರೆ ಸ್ಟಡ್ಡು ತಾನಾಗಿ ಒಳಗೆ ಎಳೆದುಕೊಳ್ಳುತ್ತದೆ. ಅದರ ತಲೆ ಹಬ್‌ನ ಹಿಂಬದಿಗೆ ಸುತ್ತಲೂ ಸಮವಾಗಿ ಕೂತಿರಬೇಕು, ನಡುವೆ ತೆಳು ಕಾಗದವೂ ಹೋಗಬಾರದು. ಎಳೆಯಲು ಬಳಸಿದ ನಟ್ಟನ್ನು ಎಸೆದುಬಿಡಿ. ರಿಮ್ಮನ್ನೇ ಹಾಕಿ, ಅದರ ಸ್ವಂತ ನಟ್ಟಿನಿಂದ ಎಳೆದು ಕೂರಿಸುವ ಅಡ್ಡದಾರಿಯಲ್ಲಿ ಮೂತಿ, ತೂತು ಎರಡೂ ಹಾಳು. ಹೊಸ ಸ್ಟಡ್ಡಿನ ತಲೆ ಓಡಾಟದಲ್ಲಿ ಇನ್ನೂ ಸ್ವಲ್ಪ ಒಳಗೆ ಕೂರುವುದರಿಂದ 50 ಕಿಲೋಮೀಟರಿನ ತಪಾಸಣೆ ಇಲ್ಲಿ ಕಡ್ಡಾಯ.

ಹಬ್‌ನ ತೂತೇ ಸವೆದು ಸ್ಟಡ್ಡು ಸುಮ್ಮನೆ ತಿರುಗುತ್ತಿದ್ದರೆ, ಹಿಂದಿನಿಂದ ಒಂದು ಚುಕ್ಕೆ ವೆಲ್ಡಿಂಗ್ ಹೊಡೆದು ಕಳಿಸುವವರಿದ್ದಾರೆ. ಆ ಶಾಖದಲ್ಲಿ ಸ್ಟಡ್ಡಿನ ತಲೆಯ ಬುಡ ಪೆಡಸಾಗಿ, ಒಂದು ಗುಂಡಿಗೆ ಚಕ್ರ ಬಿದ್ದಾಗ ಅಲ್ಲೇ ಮುರಿಯಬಹುದು. ಹಬ್ ಬದಲಿಸುವುದೊಂದೇ ದಾರಿ.

ಅಲಾಯ್ ಹಾಕಿಸಿದ್ದರೆ

ಹೊರಗಿನ ಅಲಾಯ್ ರಿಮ್ಮಿನ ನಡುಭಾಗ ಕಬ್ಬಿಣದ ರಿಮ್ಮಿಗಿಂತ ದಪ್ಪ. ಅದೇ ಸ್ಟಡ್ಡಿಗೆ ಸಿಗುವ ಥ್ರೆಡ್ ಕಡಿಮೆಯಾಗುತ್ತದೆ. ಸ್ಟಡ್ಡಿನ ದಪ್ಪದಷ್ಟಾದರೂ, ಅಂದರೆ 12 ಮಿ.ಮೀ. ಥ್ರೆಡ್ ನಟ್ಟಿನೊಳಗೆ ಇರಬೇಕು. ತಾಗಿದ ಜಾಗದಿಂದ ಬಿಚ್ಚುತ್ತಾ ಸುತ್ತು ಎಣಿಸಿ: 1.5 ಪಿಚ್ಚಿಗೆ ಕನಿಷ್ಠ ಎಂಟು, 1.25ಕ್ಕೆ ಹತ್ತು. ರಿಮ್ಮಿನ ನಡುತೂತು ಹಬ್‌ಗಿಂತ ದೊಡ್ಡದಿದ್ದರೆ ಅಳತೆಗೆ ತಕ್ಕ ಬಳೆ ಹಾಕಿಸಿ. ಕಳ್ಳರ ಭಯಕ್ಕೆ ಲಾಕ್ ನಟ್ಟು ಹಾಕಿಸಿದ್ದರೆ ಅದರ ಕೀಲಿ ಸಾಕೆಟ್ಟು ಮನೆಯ ಬೀರುವಿನಲ್ಲಲ್ಲ, ಸ್ಟೆಪ್ನಿಯ ಜೊತೆಯಲ್ಲಿರಬೇಕು. ಲಾಕ್ ನಟ್ಟಿಗೆ ಏರ್ ಗನ್ ಹಾಕಿದರೆ ಕೀಲಿಯ ಹಲ್ಲೇ ಕಿತ್ತುಹೋಗುತ್ತದೆ.

ದಾರಿಯಲ್ಲಿ ನಟ್ಟು ಕಳೆದುಹೋದರೆ

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಚಕ್ರ ನಡುಗಲು ಶುರುವಾದರೆ ಎಡಕ್ಕೆ ಬಂದು ಆದಷ್ಟು ಪಕ್ಕದಲ್ಲಿ ನಿಲ್ಲಿಸಿ, ಹಜಾರ್ಡ್ ಲೈಟು ಹಾಕಿ, ಎಲ್ಲರೂ ಎಡಬಾಗಿಲಿನಿಂದ ಇಳಿದು ತಡೆಬೇಲಿಯ ಆಚೆ ನಿಲ್ಲಿ. ತೊಂದರೆ ಬಲಬದಿಯ ಚಕ್ರದ್ದಾದರೆ ಅಲ್ಲೇ ರಸ್ತೆಗೆ ಬೆನ್ನು ಹಾಕಿ ಕೂತು ಕೆಲಸ ಮಾಡುವ ಸಾಹಸ ಬೇಡ, ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ. ಊರೊಳಗಿನ ರಸ್ತೆಯಲ್ಲಾದರೆ, ಒಂದು ಚಕ್ರದ ನಟ್ಟುಗಳೆಲ್ಲ ಬಿದ್ದುಹೋಗಿ ಸ್ಟಡ್ಡು ನೆಟ್ಟಗಿದ್ದರೆ, ಉಳಿದ ಮೂರು ಚಕ್ರಗಳಿಂದ ಒಂದೊಂದು ನಟ್ಟು ತೆಗೆದು ಇದಕ್ಕೆ ಹಾಕಬಹುದು. ನಾಲ್ಕು ಸ್ಟಡ್ಡಿನ ಕಾರಿನಲ್ಲಿ ಎಲ್ಲ ಚಕ್ರಕ್ಕೂ ಮೂರು ಮೂರು ಉಳಿಯುತ್ತವೆ. 40ರ ವೇಗ ದಾಟದೆ ಹತ್ತಿರದ ಬಿಡಿಭಾಗದ ಅಂಗಡಿಯವರೆಗೆ ಮಾತ್ರ ಇದು ನಡೆಯುತ್ತದೆ. ಅಲ್ಲಿ ಸರಿಯಾದ ನಟ್ಟು ಸಿಗದೆ, ಇದೇ ಸಾಕು ಎಂದು ಡಬ್ಬದಿಂದ ತೆಗೆದು ಕೊಟ್ಟರೆ, ಬೆರಳಲ್ಲಿ ಕೊನೆಯವರೆಗೂ ತಿರುಗುತ್ತದೆಯೇ, ಮೂತಿ ನಿಮ್ಮ ಕಾರಿನದರಂತೆಯೇ ಇದೆಯೇ ಎಂದು ನೋಡಿಯೇ ಹಾಕಿಸಿಕೊಳ್ಳಿ.